ಐದೂ ಹತ್ತರ ಉಬ್ಬು

ಗಂಡನ ರಕ್ತದಲ್ಲಿ ಕೊಬ್ಬು ಎಷ್ಟಿದೆ ಎಂದು ಎಂಟು ವರ್ಷ ದಿನಾ ನೋಡುತ್ತ ಕುಳಿತ ಹೆಂಡತಿ ಇಡೀ ಹುಬ್ಬಳ್ಳಿಯಲ್ಲಿ ನಾನೊಬ್ಬಳೇ ಇರಬೇಕು. ಆ ಎಂಟು ವರ್ಷದಲ್ಲಿ ಅವರ ಮುಖ ನೋಡಿರಲಿಲ್ಲ. ಮೂರು ತಾಸಿನ ಹಾದಿಯ ಗೋಕಾಕದಲ್ಲಿ ಅವರು ಎಷ್ಟೊತ್ತಿಗೆ ಎದ್ದರು, ಎಷ್ಟೊತ್ತಿಗೆ ಉಂಡರು, ಯುಗಾದಿಗೆ ಹೋಳಿಗೆ ಎಷ್ಟು ಜಡಿದರು, ಎಲ್ಲ ನನಗೆ ಗೊತ್ತಿತ್ತು. ಇಷ್ಟೆಲ್ಲ ಗೊತ್ತಿದ್ದು ನೀನು ಮಾಡಿದ್ದೇನು ಎಂದು ಕೇಳಬೇಡಿ. ಅದನ್ನು ಹೇಳಲಿಕ್ಕೇ ಕುಳಿತಿದ್ದೇನೆ.

ನನ್ನ ಹೆಸರು ಕಸ್ತೂರಿ. ಓದಿದ್ದು ನರ್ಸಿಂಗ್. ಕೆಲಸ 'ಕಾವಲು ಕೋಣೆ'ಯಲ್ಲಿ. ಹೆಸರು ಕೇಳಿ ಪೊಲೀಸರದ್ದೆಂದು ತಿಳಿಯಬೇಡಿ, ನಾವು ಕಾಯುವುದು ಹೊಟ್ಟೆಯನ್ನು. ಹೊಟ್ಟೆಯ ಹಿಂದೆ, ಬೆನ್ನಿಗೆ ಒರಗಿಕೊಂಡು ಮೇದೋಜೀರಕ ಎಂಬ ಗ್ರಂಥಿ ಇದೆ. ಉಂಡದ್ದನ್ನು ಕರಗಿಸುವ ರಸ ಅದರದು. ಒಮ್ಮೊಮ್ಮೆ ಆ ರಸ ಕರುಳಿಗೆ ಹೋಗುವ ಬದಲು ಹುಟ್ಟಿದಲ್ಲೇ ಕೆಲಸ ಶುರುಮಾಡಿಬಿಡುತ್ತದೆ. ಗ್ರಂಥಿ ತನ್ನನ್ನೇ ತಾನು ಅರಗಿಸಿಕೊಳ್ಳುತ್ತದೆ. ಆ ನೋವು ಕಂಡವರು ಶತ್ರುವಿಗೂ ಬೇಡ ಅನ್ನುತ್ತಾರೆ. ಹತ್ತು ಮಂದಿಗೆ ಬಂದರೆ ಎಂಟು ಮಂದಿ ವಾರದಲ್ಲಿ ಎದ್ದು ಮನೆಗೆ ಹೋಗುತ್ತಾರೆ. ಉಳಿದ ಇಬ್ಬರಿಗೆ ಮೂತ್ರಪಿಂಡ, ಶ್ವಾಸಕೋಶ ಒಂದರ ಹಿಂದೆ ಒಂದು ಕೈಕೊಡುತ್ತವೆ.

ಕಷ್ಟವೆಂದರೆ ಮೊದಲ ದಿನ ಎಂಟು ಯಾರು, ಇಬ್ಬರು ಯಾರು ಗೊತ್ತಾಗುವುದಿಲ್ಲ. ಹತ್ತೂ ಮಂದಿ ಒಂದೇ ಥರ ಚೀರುತ್ತಾರೆ. ವ್ಯತ್ಯಾಸವಿರುವುದು ಹಿಂದಿನ ತಿಂಗಳುಗಳಲ್ಲಿ. ರಕ್ತದಲ್ಲಿ ಕೊಬ್ಬು ತುಂಬಿದವರು, ಸಕ್ಕರೆ ಏರಿದವರು, ಸೊಂಟ ದಪ್ಪಗಾದವರು, ಇವರೇ ಹೆಚ್ಚಾಗಿ ಆ ಇಬ್ಬರಾಗುತ್ತಾರೆ. ರಕ್ತದ ಕೊಬ್ಬು ಆ ರಸದ ಕೈಗೆ ಸಿಕ್ಕರೆ ಒಡೆದು ವಿಷವಾಗುತ್ತದೆ, ಬೆಂಕಿಗೆ ತುಪ್ಪ ಸುರಿದ ಹಾಗೆ.

ಅದಕ್ಕಾಗಿ ಬಿಲ್ಲೆ ಬಂತು. ಹತ್ತು ರೂಪಾಯಿ ನಾಣ್ಯದಷ್ಟು ಅಗಲ. ತೋಳಿಗೆ ಅಂಟಿಸಿಕೊಂಡರೆ ಚರ್ಮದಡಿಯ ನೀರಿನಿಂದಲೇ ಕೊಬ್ಬು, ಸಕ್ಕರೆ ಅಳೆದು ನಮ್ಮ ಸ್ಕ್ರೀನಿಗೆ ಕಳಿಸುತ್ತದೆ. ಹಳದಿ ಗೆರೆ ಕೊಬ್ಬು, ನೀಲಿ ಗೆರೆ ಸಕ್ಕರೆ. ನೋವು ಬಂದ ದಿನ ಕಂಪ್ಯೂಟರು ಹಿಂದಿನ ತೊಂಬತ್ತು ದಿನದ ಗೆರೆಗಳನ್ನು ಓದಿ 'ಸೌಮ್ಯ' ಅಥವಾ 'ತೀವ್ರ' ಎಂದು ಹೇಳಿಬಿಡುತ್ತದೆ. ತೀವ್ರ ಎಂದರೆ ಆರು ತಾಸಿನೊಳಗೆ ತಡೆಮದ್ದು ಏರಿಸಬೇಕು. ಆ ಮದ್ದು ರಸದ ಕೈ ಕಟ್ಟುತ್ತದೆ. ಆದರೆ ಸೌಮ್ಯ ಇದ್ದವರಿಗೆ ಕೊಟ್ಟರೆ ಚೆನ್ನಾಗಿರುವ ಗ್ರಂಥಿಯೇ ಸತ್ತುಹೋಗುತ್ತದೆ. ಹಾಗಾಗಿ ನಮ್ಮ ಕೋಣೆಯ ಮಾತಿಲ್ಲದೆ ಯಾವ ಊರಿನ ಡಾಕ್ಟರೂ ಆ ಬಾಟಲಿ ಮುಟ್ಟುವಂತಿರಲಿಲ್ಲ. ಬಿಲ್ಲೆ ಬಂದ ಮೇಲೆ ಇಂಥವರ ರಕ್ತ ತೆಗೆದು ನೋಡುವ ರೂಢಿಯೇ ತಪ್ಪಿಹೋಗಿತ್ತು. ಸ್ಕ್ರೀನ್ ಇರುವಾಗ ಸೂಜಿ ಯಾಕೆ ಎಂದು ಎಲ್ಲರೂ ಆರಾಮಾಗಿದ್ದೆವು.

ಒಮ್ಮೆ ನೋವು ಬಂದವರಿಗೆಲ್ಲ ಬಿಲ್ಲೆ ಕಡ್ಡಾಯ, ಕೋಣೆಯಲ್ಲಿ ನಲವತ್ತು ದಾಟಿದ ನಮಗೂ. ನನ್ನ ಗೆರೆ ನೋಡುವವಳು ಪಕ್ಕದ ಕುರ್ಚಿಯ ಪ್ರಮೀಳಾ. "ಮೇಡಂ, ನಿನ್ನೆ ಸಂಜೀಕ ಮಿರ್ಚಿ ಎಷ್ಟ್ ಹೊಡದ್ರಿ? ಗೆರಿ ಗುಡ್ಡ ಏರೇತಿ" ಎಂದು ಬೆಳಗಾದರೆ ಕಾಡುತ್ತಿದ್ದಳು. ನಾನು ನೋಡುವ ನಾನೂರು ಗೆರೆಗಳಲ್ಲಿ ಒಂದು ಗೋಕಾಕದ ಮುನ್ನೂರ ಹದಿನೇಳು. ಅದು ನನ್ನ ಗಂಡ ಅಡಿವೆಪ್ಪ ಎಂದು ಪ್ರಮೀಳಾಗೂ ಗೊತ್ತಿರಲಿಲ್ಲ. ಬಂಧುಗಳ ಗೆರೆ ನೋಡಬಾರದು ಎಂಬುದು ಕೋಣೆಯ ನಿಯಮ. ಇದ್ದರೆ ಬರೆದುಕೊಟ್ಟು ಬೇರೆಯವರಿಗೆ ಒಪ್ಪಿಸಬೇಕು. ನಾನು 'ಯಾರೂ ಇಲ್ಲ' ಎಂದು ಬರೆದು ಸಹಿ ಹಾಕಿದ್ದೆ. ಬರೆಯುವಾಗ ಸಿಟ್ಟಿತ್ತು. ಸಿಟ್ಟು ಇಳಿದ ಮೇಲೆ ತಿದ್ದಲಿಲ್ಲ, ತಿದ್ದಿದ್ದರೆ ಗೆರೆ ಕೈಬಿಟ್ಟು ಹೋಗುತ್ತಿತ್ತು.

ನಮ್ಮವರು ಕರದಂಟು ಮಾಡುವವರು. ಅಂಗಡಿ ಬೇರೆಯವರದು, ಬಾಣಲೆ ಇವರದು. ಕರದಂಟು ತಿಂದವರಿಗೆ ಗೋಡಂಬಿ, ಒಣಕೊಬ್ಬರಿ, ಬೆಲ್ಲ ನೆನಪಿರುತ್ತದೆ. ಮಾಡುವವನ ತಲೆನೋವೆಲ್ಲ ಅಂಟಿನದು. ಗೋಂದಿನ ಆ ಹರಳುಗಳನ್ನು ತುಪ್ಪದಲ್ಲಿ ಕರಿದರೆ ಅರಳುತ್ತವೆ. ಹೊರಗೆ ಅರಳಿದ್ದು ಕಣ್ಣಿಗೆ ಕಾಣುತ್ತದೆ, ಒಳಗೆ ಕಲ್ಲುಳಿದಿದೆಯೋ ಇಲ್ಲವೋ ಹಲ್ಲಿಗೇ ಗೊತ್ತಾಗಬೇಕು. ಹಾಗಾಗಿ ಪ್ರತಿ ಒಬ್ಬೆಗೆ, ಅಂದರೆ ಬಾಣಲೆಗೆ ಒಂದು ಸಲ ಹಾಕಿದಷ್ಟಕ್ಕೆ, ಒಂದು ಹರಳು ಬಾಯಿಗೆ, ಪಾಕ ಇಳಿಸುವ ಮೊದಲು ಒಂದು ಹನಿ ನಾಲಿಗೆಗೆ, ಕಟ್ಟಿದ ಮೇಲೆ ಒಂದು ಚೂರು. ದಿನಕ್ಕೆ ಮೂವತ್ತು ಒಬ್ಬೆ. ಬಾಣಂತಿಯರಿಗೆ ಕಳಿಸುವ ಚಳಿಗಾಲದಲ್ಲಿ ಐವತ್ತು. ಲೆಕ್ಕ ನೀವೇ ಹಾಕಿಕೊಳ್ಳಿ.

ಮೊದಲ ಸಲ ನೋವು ಬಂದಾಗ ಅವರಿಗೆ ನಲವತ್ತೆರಡು. ಪುಣ್ಯಕ್ಕೆ ಸೌಮ್ಯದಲ್ಲೇ ಹೋಯಿತು. ಆಗ ನಾನು ಗೋಕಾಕದ ಆಸ್ಪತ್ರೆಯಲ್ಲೇ ನರ್ಸು. ರಕ್ತದ ಕೊಬ್ಬು ನೂರೈವತ್ತರ ಹತ್ತಿರ ಇರಬೇಕಾದದ್ದು ಅವರಿಗೆ ಎಂಟುನೂರು ದಾಟಿತ್ತು. ಆವತ್ತಿನಿಂದ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ನಾನು ತಟ್ಟೆಗೆ ಕಾವಲು ನಿಂತೆ. ತುಪ್ಪ ಬಚ್ಚಿಟ್ಟೆ. ಅಂಗಿಯ ಕಿಸೆ ತಪಾಸಣೆ ಮಾಡಿದೆ, ಒಂದು ದಿನ ಕಿಸೆಯಲ್ಲಿ ಅಂಟಿನ ಚೂರು ಸಿಕ್ಕಿತು. ಡ್ಯೂಟಿ ಮುಗಿಸಿ ಬಂದವಳು ಚಪ್ಪಲಿ ಕೂಡ ಬಿಚ್ಚಲಿಲ್ಲ.

"ಅಲ್ರೀ, ನಿಮ್ಮ ಮೈಯಾಗ ರಕ್ತ ಹರೀತೈತೋ ತುಪ್ಪ ಹರೀತೈತೋ?"

"ಬಾಯಿಗಿ ಹಾಕದ ಒಬ್ಬಿ ಹೆಂಗ ಇಳಸಲಿ, ಕಸ್ತೂರಿ?"

"ಹಂಗಾರ ಬಾಣಲಿ ಬಿಡ್ರಿ."

ಅವರು ಸುಮ್ಮನಾದರು. ಅವರ ಜಾಯಮಾನವೇ ಅದು. ಇಲ್ಲ ಅನ್ನಬೇಕಾದಲ್ಲಿ ಬಾಯಿ ಬಿಡುವುದಿಲ್ಲ, ಎದುರಿಗಿದ್ದವರೇ ತಿಳಿದುಕೊಂಡು ಉರಿಯಬೇಕು. ನನಗೆ ಮೈಯೆಲ್ಲ ಉರಿಯಿತು. "ನೀವೂ ನಿಮ್ಮ ಬಾಣಲೀನೂ ಛಲೋ ಇರ್ರಿ. ರಕ್ತದ ಕೊಬ್ಬು ಇನ್ನೂರರ ಒಳಗ ಬಂದ ದಿನಾ ನಾ ಬರ್ತೀನಿ. ಅಲ್ಲೀತನಕ ಈ ಹೊಸ್ತಲಾ ತುಳಿಯಾಕಿ ಅಲ್ಲ" ಎಂದೆ. ಚೀಲ ತುಂಬುವಾಗ ತಡೆಯುತ್ತಾರೆ ಅಂದುಕೊಂಡೆ. ಅಡುಗೆಮನೆಯಿಂದ ಒಂದೇ ಮಾತು ಬಂತು: "ಚಾ ಆರಾಕತ್ತೈತಿ." ಹೆಂಡತಿ ಮನೆ ಬಿಟ್ಟು ಹೊರಟಿದ್ದಾಳೆ, ಈ ಮನುಷ್ಯನಿಗೆ ಚಹಾದ ಚಿಂತೆ! ಬಾಗಿಲು ಬಡಿದು ಹುಬ್ಬಳ್ಳಿಗೆ ಬಂದೆ. ಒಂದು ವರ್ಷ ಬಿಟ್ಟು ಬಿಲ್ಲೆ ಬಂತು, ಕಾವಲು ಕೋಣೆ ಬಂತು. ನನ್ನ ಪಾಲಿನ ನಾನೂರು ಹೆಸರುಗಳಲ್ಲಿ ಅವರ ಹೆಸರೂ ಬಂತು.

ಮೊದಮೊದಲು ಗೆದ್ದವರ ಹಾಗೆ ನೋಡುತ್ತಿದ್ದೆ. ಆರುನೂರ ಎಪ್ಪತ್ತು, ಏಳುನೂರ ಮೂವತ್ತು. ನೋಡು, ನಾನು ಹೇಳಿದ್ದೇ ಸರಿ. ಆಮೇಲೆ ಆ ನೋಟ ಯಾವಾಗ ಬದಲಾಯಿತೋ ತಿಳಿಯದು. ಬೆಳಿಗ್ಗೆ ಕೋಣೆಗೆ ಬಂದು ಕುಳಿತರೆ ಮೊದಲು ಮುನ್ನೂರ ಹದಿನೇಳು. ನೀಲಿ ಗೆರೆ ಎಂಟಕ್ಕೆ ಎದ್ದರೆ, ತಿಂಡಿ ತಿಂದರು ಎಂದು ನನಗೂ ಹಸಿವಾಗುತ್ತಿತ್ತು. ಮಧ್ಯಾಹ್ನ ಎರಡಾದರೂ ಗೆರೆ ಮಲಗಿಯೇ ಇದ್ದರೆ, "ಇನ್ನೂ ಉಂಡಿಲ್ಲಲಾ ಮಾರಾಯ" ಎಂದು ಚಡಪಡಿಸುತ್ತಿದ್ದೆ. ಉಂಡದ್ದು ಗೊತ್ತಾಗುತ್ತಿತ್ತು, ಏನು ಉಂಡರು ಎಂಬುದು ಗೊತ್ತಾಗುತ್ತಿರಲಿಲ್ಲ. ರೊಟ್ಟಿಯೋ ಅನ್ನವೋ? ಮನೆಯಲ್ಲಿದ್ದ ಅವರಕ್ಕ ಬಡಿಸಿದರೋ, ತಾವೇ ಹಾಕಿಕೊಂಡರೋ? ಪಲ್ಯಕ್ಕೆ ಉಪ್ಪು ಸರಿಯಿತ್ತೇ? ಇವಕ್ಕೆಲ್ಲ ಗೆರೆ ಇಲ್ಲ.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡಿತ್ತು. ದಿನಾ ಸಂಜೆ ಐದೂ ಹತ್ತಕ್ಕೆ ನೀಲಿ ಗೆರೆ ಸಣ್ಣಗೆ ಉಬ್ಬುತ್ತಿತ್ತು. ಇಳಿಯುವುದರೊಳಗೆ ಇನ್ನೊಂದು ಸಲ ಅಷ್ಟೇ ಉಬ್ಬುತ್ತಿತ್ತು. ಅಕ್ಕಪಕ್ಕ ಎರಡು ಉಬ್ಬು. ಮಳೆಯಿರಲಿ, ಹಬ್ಬವಿರಲಿ, ಐದೂ ಹತ್ತು ತಪ್ಪುತ್ತಿರಲಿಲ್ಲ. ಊಟವಲ್ಲ, ಸಿಹಿಯ ತುಂಡೂ ಅಲ್ಲ. ಏನದು? ಎಂಟು ವರ್ಷ ತಲೆ ಕೆಡಿಸಿಕೊಂಡೆ.

ಬಿಲ್ಲೆ ಅರ್ಧ ತಾಸು ಮೈಮೇಲಿಲ್ಲದಿದ್ದರೆ ಕೋಣೆಯಿಂದ ಫೋನ್ ಹೋಗಬೇಕು. ಮನುಷ್ಯ ಇದ್ದಾನೋ ಇಲ್ಲವೋ ನೋಡಬೇಕಲ್ಲ. ಬಾಣಲೆಯ ಮುಂದೆ ಬೆವರಿಗೆ ಅವರ ಬಿಲ್ಲೆ ಪದೇಪದೇ ಬೀಳುತ್ತಿತ್ತು. ಆಗೆಲ್ಲ ಪ್ರಮೀಳಾಳಿಂದ ಫೋನ್ ಮಾಡಿಸುತ್ತಿದ್ದೆ. ಒಂದು ದಿನ ಅವಳು ಊಟಕ್ಕೆ ಹೋಗಿದ್ದಳು. ನಾನೇ ಹಚ್ಚಿದೆ. "ಹಲೋ" ಎಂದರು. "ಬಿಲ್ಲಿ ಬೆವರಿಗಿ ಬಿದ್ದಿತ್ರಿ, ಹಚಗೊಂಡೀನಿ" ಎಂದರು. ನನ್ನ ಉಸಿರಷ್ಟೇ ಆ ಕಡೆ ಕೇಳಿಸಿರಬೇಕು. ಅವರು ಫೋನ್ ಇಡಲೂ ಇಲ್ಲ. ಹಿಂದೆ ತುಪ್ಪ ಚಟಪಟ ಅನ್ನುವುದು ಕೇಳುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ, "ಕಸ್ತೂರಿ?" ಎಂದರು. ಇಟ್ಟುಬಿಟ್ಟೆ. ಆವತ್ತು ಮಧ್ಯಾಹ್ನವೆಲ್ಲ ನನಗೆ ಯಾವ ಗೆರೆಯೂ ಕಾಣಲಿಲ್ಲ, ಕಣ್ಣು ಮಂಜಾಗಿತ್ತು.

ಅದಾಗಿ ಎರಡು ವಾರಕ್ಕೆ ಹಳದಿ ಗೆರೆ ಇಳಿಯತೊಡಗಿತು. ಆರುನೂರು ಇದ್ದದ್ದು ಮುನ್ನೂರು, ಇನ್ನೂರ ಅರವತ್ತು. ದಿನದಲ್ಲಿ ಒಮ್ಮೊಮ್ಮೆ ಜಿಗಿಯುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಎರಡನೇ ತಿಂಗಳು ಜಿಗಿಯುವುದೂ ನಿಂತಿತು. ಸೋಮವಾರ ಬಂದರೆ ಗೆರೆ ಮಧ್ಯಾಹ್ನವೆಲ್ಲ ಮಲಗಿ ಸಂಜೆ ಒಂದೇ ಸಲ ಏಳುತ್ತಿತ್ತು. ಒಪ್ಪತ್ತು! ಒಂದು ಹೊತ್ತು ತಪ್ಪಿದರೆ ಮನೆ ತಲೆ ಮೇಲೆ ಹೊರುತ್ತಿದ್ದ ನನ್ನ ಗಂಡ ಸೋಮವಾರ ಒಪ್ಪತ್ತು ಹಿಡಿದಿದ್ದಾರೆ! ಐದೂ ಹತ್ತರ ಉಬ್ಬುಗಳೂ ಹೋದವು. ಅದನ್ನು ನೋಡಿ ಯಾಕೋ ಎದೆ ಚುರ್ ಎಂದಿತು. ಏನೇ ಇರಲಿ, ಎಂಟು ವರ್ಷದ ಗೆಳೆತನ ಅದು. ಆದರೆ ಸಂತೋಷದ ಮುಂದೆ ಅದೆಷ್ಟರದು? ನನ್ನ ಉಸಿರು ಕೇಳಿಯೇ ಗುರುತು ಹಿಡಿದಿದ್ದಾರೆ, ನಾನು ನೋಡುತ್ತಿರುವುದು ಅವರಿಗೆ ಗೊತ್ತು, ನನಗಾಗಿ ಇಳಿಸುತ್ತಿದ್ದಾರೆ, ಅಂದುಕೊಂಡೆ. ಐವತ್ತರ ಹೆಂಗಸು ಹದಿನೆಂಟರ ಹುಡುಗಿಯ ಹಾಗೆ ಕನ್ನಡಿ ಮುಂದೆ ನಿಂತದ್ದನ್ನು ನೀವು ನೋಡಬೇಕಿತ್ತು.

ಒಂದು ಬುಧವಾರ ನೂರ ತೊಂಬತ್ತಾರು ಬಂತು. ಶುಕ್ರವಾರಕ್ಕೆ ರಜೆ ಬರೆದೆ. ಗೋಕಾಕಕ್ಕೆ ಹೋಗುವುದಾಗಿ ಯಾರಿಗೂ ಹೇಳಲಿಲ್ಲ. ಚೀಲಕ್ಕೆ ಎರಡು ಸೀರೆ, ಅವರಿಗೊಂದು ಅಂಗಿ ಹಾಕಿಟ್ಟೆ. ಹಳೆಯ ಅಳತೆಗಿಂತ ಒಂದು ಸೈಜು ಸಣ್ಣದು ತಂದಿದ್ದೆ, ಇಳಿದಿರುತ್ತಾರಲ್ಲ ಎಂದು.

ಗುರುವಾರ ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಮುನ್ನೂರ ಹದಿನೇಳು ಕೆಂಪಾಯಿತು. ಗೋಕಾಕದ ಆಸ್ಪತ್ರೆಯಿಂದ ನರ್ಸು ಶೈಲಾ ಸ್ಕ್ರೀನಿನ ಮೇಲೆ ಬಂದಳು. "ಮೇಡಂ, ಒಂಬತ್ತರಿಂದ ಹೊಟ್ಟಿನೋವು, ಬೆನ್ನಿಗಿ ಹೊಡಿಯಾಕತ್ತೈತಿ. ಎರಡ ಸಲ ವಾಂತಿ ಆಗೇತಿ. ಭವಿಷ್ಯ ಹೇಳ್ರಿ." ನಮ್ಮ ಕಂಪ್ಯೂಟರಿನ ಮಾತಿಗೆ ಅವರು ಭವಿಷ್ಯ ಎಂದೇ ಕರೆಯುತ್ತಿದ್ದರು. ಅದು ತೊಂಬತ್ತು ದಿನ ಓದಿ ಎರಡೇ ಕ್ಷಣದಲ್ಲಿ ಹಸಿರು ಅಕ್ಷರದಲ್ಲಿ ಬರೆಯಿತು: ಸೌಮ್ಯ.

ದೇವರೇ, ಎಂದು ಕೈ ಮುಗಿದೆ. ಒಪ್ಪತ್ತು ಹಿಡಿದದ್ದು ಕಾಯಿತು. ಶೈಲಾಗೆ ಹೇಳಲು ಬಾಯಿ ತೆರೆದವಳು ಯಾಕೋ ಅವರ ಗೆರೆಯ ಮೇಲೆ ಒಮ್ಮೆ ಬೆರಳಾಡಿಸಿದೆ. ಒಂಬತ್ತೂವರೆಗೆ ಗೆರೆ ನಾಲ್ಕು ನಿಮಿಷ ತುಂಡಾಗಿತ್ತು. ತುಂಡಾಗುವ ಮೊದಲು ಕೊಬ್ಬು ನೂರ ತೊಂಬತ್ತು, ಆಮೇಲೆ ಎಂಟುನೂರ ಎಂಬತ್ತು. ಕಂಪ್ಯೂಟರು ಅದನ್ನು 'ನೋವಿನ ಕುಣಿತ' ಎಂದು ಗುರುತು ಹಾಕಿ ಬಿಟ್ಟಿತ್ತು. ನೋವಿದ್ದಾಗ ಅಂಕಿ ಕುಣಿಯುತ್ತವೆ, ನಾವೇ ಹಾಗೆ ಕಲಿಸಿದ್ದೆವು.

ಆದರೆ ನಾಲ್ಕು ನಿಮಿಷ? ಬಿಲ್ಲೆ ಬಿಚ್ಚಿ ಮತ್ತೆ ಹಚ್ಚಲಿಕ್ಕೆ ನಾಲ್ಕು ನಿಮಿಷ ಸಾಕು. ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ. ಸೋಮವಾರದ ಒಪ್ಪತ್ತು ನೆನಪಾಯಿತು. ಆ ಮನೆಯಲ್ಲಿ ಸೋಮವಾರ ಒಪ್ಪತ್ತು ಮಾಡುವವರು ಒಬ್ಬರೇ: ನನ್ನ ನಾದಿನಿ ಮಹಾನಂದಕ್ಕ. ಅವರಕ್ಕ. ಗಂಡ ತೀರಿದ ಮೇಲೆ ತಮ್ಮನ ಮನೆಗೆ ಬಂದವರು, ಕಡ್ಡಿಯ ಹಾಗಿದ್ದಾರೆ. ಫೋನ್ ಹಚ್ಚಿದೆ.

"ಅಕ್ಕಾರ, ನಾ ಕಸ್ತೂರಿ. ಬಿಲ್ಲಿ ಯಾರ ತೋಳಿಗಿತ್ತು?"

ಆ ಕಡೆ ಅಳು ಶುರುವಾಯಿತು. "ಯವ್ವಾ ಕಸ್ತೂರಿ, ನಿನ್ನ ಕಾಲಿಗಿ ಬೀಳ್ತೀನಿ..."

"ಕಾಲಿಗಿ ಆಮ್ಯಾಲ ಬೀಳೂವಂತ್ರಿ. ಮೊದಲ ಹೇಳ್ರಿ."

"ಬಾಣಲಿ ಮುಂದ ಬಿಲ್ಲಿ ನಿಲ್ಲಂಗಿಲ್ಲವಾ. ಬಿದ್ದಾಗೊಮ್ಮೆ ನಿಮ್ಮ ಕಡಿಂದ ಫೋನು. ಅವ ಒಬ್ಬಿ ಬಿಟ್ಟು ಓಡಿ ಬರಬೇಕು. ಅದಕ್ಕ ಅವ ಕೆಲಸಕ್ಕ ಕುಂತಾಗ ನಾ ಹಚಗೊಂಡು ಕುಂಡ್ರತಿದ್ದೆ. ಒಂದಿನಾ ಆಸ್ಪತ್ರ್ಯಾಗ ನೋಡಿ, ಭಾಳ ಇಳದೈತಿ ಅಂದ್ರು. ಅವ ಮನಿಗಿ ಬಂದು ಅಂದಾ, 'ಅಕ್ಕಾ, ಅದ ನಿನ್ನ ತೋಳಾಗ ಇರಲಿ. ಆಕಿ ನೋಡಾಕತ್ತಾಳ. ಇನ್ನೂರರ ಒಳಗ ಬಂದ್ರ ಬರ್ತೀನಿ ಅಂದಾಳ.' ಮೂರು ತಿಂಗಳಾತು, ನಾನ ಹಚಗೊಂಡೀನಿ. ಒಮ್ಮಿ ನೀ ಬಂದ್ರ ಸಾಕು, ಬಂದಾಕಿನ ಹೋಗಗೊಡಬಾರದು ಅಂತ ಅನಕೊಂಡಿದ್ದಿವಿ."

ನೂರ ತೊಂಬತ್ತಾರು ಅವರದಾಗಿರಲಿಲ್ಲ. ಒಪ್ಪತ್ತು ಅವರದಾಗಿರಲಿಲ್ಲ. ನಾನು ಪ್ರೀತಿಯಿಂದ ನೋಡುತ್ತ ಕುಳಿತ ಮೂರು ತಿಂಗಳು ಅಕ್ಕನ ರಕ್ತ. ಇನ್ನೂರು ಎಂದು ಗೆರೆ ಎಳೆದವಳು ನಾನೇ, ಆ ಗೆರೆ ದಾಟಲಿಕ್ಕೆ ಹೋಗಿ ಆ ಮನುಷ್ಯ ತನ್ನ ಕಾವಲನ್ನೇ ಕಳೆದುಕೊಂಡಿದ್ದರು. ಗಡಿಯಾರ ನೋಡಿದೆ. ಹನ್ನೊಂದೂ ಐದು. ನೋವು ಶುರುವಾದದ್ದು ಒಂಬತ್ತಕ್ಕೆ. ಮಧ್ಯಾಹ್ನ ಮೂರು ಹೊಡೆಯುವುದರೊಳಗೆ ತಡೆಮದ್ದು ಏರಬೇಕು.

ಕೋಣೆಯ ಮುಖ್ಯಸ್ಥರು ಡಾಕ್ಟರ್ ತನ್ವೀರ್ ಮಕಾನದಾರ. ಒಳ್ಳೆಯ ಮನುಷ್ಯರೇ, ಆದರೆ ಕಾಗದ ಕಾಣದೆ ಉಸಿರು ಬಿಡುವವರಲ್ಲ. ಅವರ ಮುಂದೆ ನಿಂತು, "ಸರ್, ಮುನ್ನೂರ ಹದಿನೇಳು ತೀವ್ರ. ತಡೆಮದ್ದು ಕೊಡಸ್ರಿ" ಎಂದೆ.

ಅವರು ಸ್ಕ್ರೀನ್ ನೋಡಿದರು. "ಕಂಪ್ಯೂಟರ್ ಸೌಮ್ಯ ಅಂತೈತಿ. ಸೌಮ್ಯ ಇದ್ದವ್ರಿಗೆ ಆ ಮದ್ದು ಕೊಟ್ರ ಏನಾಗ್ತದ, ನಿಮಗ ನಾ ಹೇಳಬೇಕೇನ್ರಿ?"

"ಆ ಗೆರಿ ಪೇಷಂಟಂದಲ್ಲ ಸರ್, ಅವರ ಅಕ್ಕಂದು. ಅದು ಸೋಮವಾರ ಒಪ್ಪತ್ತು ಮಾಡ್ತೈತಿ. ಅವರು ಹುಟ್ಟಿದಾಗಿಂದ ಒಂದು ಹೊತ್ತೂ ಬಿಟ್ಟಿಲ್ಲ."

"ನಿಮಗ ಹೆಂಗ ಗೊತ್ತು?"

ಎಂಟು ವರ್ಷ ಬಚ್ಚಿಟ್ಟದ್ದು ಬಾಯಿಗೆ ಬಂತು. "ಅವರು ನನ್ನ ಗಂಡ ಸರ್."

ಮಕಾನದಾರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬಾಗಿಲಲ್ಲಿ ಪ್ರಮೀಳಾ ಬಾಯಿ ತೆರೆದು ನಿಂತಿದ್ದಳು. "ಯಾರೂ ಇಲ್ಲ ಅಂತ ಬರದುಕೊಟ್ಟೀರಲ್ರಿ" ಎಂದರು ಡಾಕ್ಟರು.

"ಸುಳ್ಳು ಬರದೀನಿ. ನೌಕರಿ ತಗೋರಿ ಸರ್, ನಾ ಬ್ಯಾಡ ಅನ್ನಂಗಿಲ್ಲ. ಅವರನ್ನ ಉಳಸ್ರಿ."

"ನಿಮ್ಮ ಬಾಯಿ ಮಾತಿನ ಮ್ಯಾಲ ಕೊಡಾಕ ಬರೂದಿಲ್ಲ ಕಸ್ತೂರಿಯವರ. ನೀವು ಹೇಳಿದ್ದು ತಪ್ಪಿದ್ರ ಆ ಮನಷ್ಯಾನ ನಾನ ಕೊಂದಂಗ ಆಗ್ತೈತಿ. ಏನಾರ ಕಣ್ಣಿಗೆ ಕಾಣೂದು ತೋರಸ್ರಿ."

ಕಣ್ಣಿಗೆ ಕಾಣುವುದು! ಬಿಲ್ಲೆ ಬರುವ ಮೊದಲು ನಾವು ಮಾಡುತ್ತಿದ್ದದ್ದು ನೆನಪಾಯಿತು. ಸ್ಕ್ರೀನಿಗೆ ಓಡಿದೆ. "ಶೈಲಾ, ತೋಳಿಂದ ಒಂದು ಕೊಳವಿ ರಕ್ತ ತಗಿಯವಾ. ಅಲುಗಸದಂಗ ಕಿಡಕ್ಯಾಗ ನಿಂದರಸು. ಕ್ಯಾಮೆರಾ ಅದರ ಮುಂದ ಇಡು."

"ಮಷೀನ್ ಇಲ್ರಿ ಮೇಡಂ, ರಕ್ತದ ಪರೀಕ್ಷಾ ನಿಲ್ಲಿಸಿ ಎಷ್ಟೋ ವರ್ಷಾತು."

"ಮಷೀನ್ ಬ್ಯಾಡ. ಕಣ್ಣಿದ್ರ ಸಾಕು."

ಕೆಂಪು ರಕ್ತ ತಳಕ್ಕೆ ಕೂರಲು ಅರ್ಧ ತಾಸು ಬೇಕು, ಒಮ್ಮೊಮ್ಮೆ ಮುಕ್ಕಾಲು. ಮೇಲೆ ಉಳಿಯುವ ನೀರಿನಲ್ಲಿ ಕೊಬ್ಬು ತುಂಬಿದ್ದರೆ ಕಣ್ಣಿಗೇ ಕಾಣುತ್ತದೆ, ಅದು ತಿಳಿಯಾದ ಹಳದಿ ಬಣ್ಣಕ್ಕಿದ್ದರೆ ನಾನು ಸುಳ್ಳು. ನಾವು ಮೂವರೂ ಒಂದು ಗಾಜಿನ ಕೊಳವೆಯನ್ನು ನೋಡುತ್ತ ಕುಳಿತೆವು. ಹಿಂದೆ ಅವರ ನರಳಾಟ ಕೇಳುತ್ತಿತ್ತು. ಆವತ್ತಿನ ಫೋನಿನ ಮೇಲೆ ಮೊದಲ ಸಲ ಕೇಳಿದ ದನಿ ಅದು. ಒಮ್ಮೆ "ಅವ್ವಾ" ಎಂದರು. ನನಗೆ ಸ್ಕ್ರೀನಿನೊಳಗೆ ಕೈ ಹಾಕಿ ಹಣೆ ಮುಟ್ಟುವಷ್ಟು ಸಂಕಟವಾಯಿತು.

ಹನ್ನೆರಡೂ ಹತ್ತಕ್ಕೆ ಶೈಲಾ ಕೊಳವೆಯ ಹತ್ತಿರ ಮುಖ ತಂದಳು. "ಅಯ್ಯ ಶಿವನ! ಮೇಡಂ, ರಕ್ತದ ಮ್ಯಾಲ ಕೆನಿ ಕಟ್ಟೇತ್ರಿ!" ಹೌದು. ಕೆಳಗೆ ಕೆಂಪು, ಮೇಲೆ ಕಾಯಿಸಿ ಇಟ್ಟ ಹಾಲಿನಂಥ ಬಿಳುಪು, ತುದಿಯಲ್ಲಿ ದಪ್ಪನೆಯ ಕೆನೆ. ಮಕಾನದಾರ ಕೀಬೋರ್ಡ್ ಎಳೆದುಕೊಂಡರು. ಕಂಪ್ಯೂಟರಿನ ಹಸಿರು ಅಕ್ಷರ ಅಳಿಸಿ, ತಮ್ಮ ಹೆಸರಿನಲ್ಲಿ 'ತೀವ್ರ' ಎಂದು ಬರೆದು ಸಹಿ ಮಾಡಿದರು. ಹನ್ನೆರಡೂ ಇಪ್ಪತ್ತಕ್ಕೆ ಮದ್ದು ಏರತೊಡಗಿತು. ಅದಾದ ಮೇಲೆ ಡ್ರಾಯರಿನಿಂದ ಒಂದು ಕಾಗದ ತೆಗೆದು ನನ್ನ ಅಮಾನತಿನ ಆದೇಶಕ್ಕೂ ಸಹಿ ಮಾಡಿದರು. ನನ್ನ ಸ್ಕ್ರೀನ್ ಕಪ್ಪಾಯಿತು. "ಅವರನ್ನ ಬೆಳಗಾವಿಗೆ ಒಯ್ತಾರ" ಎಂದರು, ತಲೆ ಎತ್ತದೆ. "ನೀವು ಇಲ್ಲೇನ್ ನೋಡಾಕತ್ತೀರಿ? ಬಸ್ ಹಿಡೀರಿ."

ಬೆಳಗಾವಿಯ ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಹದಿನೆಂಟು ದಿನ ಕುಳಿತೆ. ಮೂತ್ರಪಿಂಡ ಎರಡು ದಿನ ಕೈಕೊಟ್ಟು ತಿರುಗಿ ಬಂತು. ಉಸಿರಿನ ನಳಿಗೆ ಹನ್ನೊಂದು ದಿನ ಇತ್ತು. ಮದ್ದು ಬೀಳದಿದ್ದರೆ ಎರಡನೇ ದಿನ ದಾಟುತ್ತಿರಲಿಲ್ಲ ಎಂದರು ಅಲ್ಲಿಯ ಡಾಕ್ಟರು. ಒಳಗೆ ಅವರ ಗೆರೆ ಯಾವ ಸ್ಕ್ರೀನಿನ ಮೇಲೆ ಓಡುತ್ತಿತ್ತೋ, ನನಗೆ ಕಾಣುತ್ತಿರಲಿಲ್ಲ. ಎಂಟು ವರ್ಷದಲ್ಲಿ ಮೊದಲ ಸಲ ಅವರು ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿದ್ದರು, ಮೊದಲ ಸಲ ಅವರ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಮಹಾನಂದಕ್ಕ ಪಕ್ಕದಲ್ಲಿ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರನ್ನು ಬೈಯಬೇಕೆಂದು ಬಾಯಿ ತೆರೆದಾಗೆಲ್ಲ ನನ್ನ ಮಾತೇ ನನಗೆ ನೆನಪಾಗುತ್ತಿತ್ತು. ಇನ್ನೂರರ ಒಳಗ.

ಹತ್ತೊಂಬತ್ತನೇ ದಿನ ವಾರ್ಡಿಗೆ ತಂದರು. ಬಾಣಲೆ ಎತ್ತುತ್ತಿದ್ದ ತೋಳುಗಳು ಬತ್ತಿಹೋಗಿದ್ದವು. ನಾನು ಮಂಚದ ಪಕ್ಕ ನಿಂತೆ. ಅವರು ನನ್ನ ಕಡೆ ತಲೆ ಹೊರಳಿಸಿದರು.

"ನಂಬರ್ ಎಷ್ಟ ಬಂದೈತಿ?"

"ಗೊತ್ತಿಲ್ರಿ. ನನಗೀಗ ಸ್ಕ್ರೀನ್ ಇಲ್ಲ."

"ಇನ್ನೂರರ ಒಳಗ ಬಂದಿರಾಕಿಲ್ಲ."

"ಬಂದಿಲ್ಲ, ನನಗೂ ಗೊತ್ತೈತಿ."

"ಮತ್ತ ನೀ ಬಂದೀ?"

ಒಂಬತ್ತು ವರ್ಷದಿಂದ ಎಷ್ಟು ಮಾತು ಕೂಡಿಟ್ಟಿದ್ದೆ, ಒಂದೂ ನೆನಪಾಗಲಿಲ್ಲ. "ನಾ ಹಂಗ ಅನಬಾರದಿತ್ರಿ" ಎಂದೆ. "ಪೇಷಂಟಿಗೆ ಹೇಳೂ ಮಾತು ಗಂಡಗ ಹೇಳಿದೆ. ಭಾಳ ನೆನಸೇನ್ರಿ ನಿಮ್ಮನ್ನ. ದಿನಾ." ಅವರು ಕೈ ಚಾಚಿದರು, ಹಿಡಿದೆ. ಕೈಯಲ್ಲಿ ಬಾಣಲೆಯ ಹಳೆಯ ಗಂಟುಗಳು ಹಾಗೇ ಇದ್ದವು. ಅವನ್ನು ಸವರುತ್ತ ಕೇಳಿದೆ, "ಏನ್ ಉಂಡ್ರಿ ಇವತ್ತ?"

"ಗಂಜಿ ತಿಳಿ. ಉಪ್ಪಿಲ್ಲ, ಖಾರಿಲ್ಲ. ದನಾನೂ ಕುಡಿಯೂದಿಲ್ಲ ಅದನ್ನ."

ನಗು ಬಂತು. ನಗುತ್ತಲೇ, ಎಂಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡದ್ದನ್ನು ಕೇಳಿದೆ. "ದಿನಾ ಸಂಜೀಕ ಐದೂ ಹತ್ತಕ್ಕ ಏನ್ ತಿಂತಿದ್ರಿ ನೀವು?"

"ಏನೂ ಇಲ್ಲ. ಚಾ."

"ಚಾಕ್ಕ ಒಂದ ಉಬ್ಬು ಬರ್ತೈತಿ. ನಿಮ್ಮದು ಎರಡು."

ಅವರು ಛಾವಣಿ ನೋಡಿದರು. ಯಥಾಪ್ರಕಾರ ಸುಮ್ಮನಾಗುತ್ತಾರೆ ಅಂದುಕೊಂಡೆ. "ನೀ ಡ್ಯೂಟಿ ಮುಗಿಸಿ ಬರೂ ಹೊತ್ತು ಅದು" ಎಂದರು. "ನೀ ಹೋದ ದ್ಯಾವಸ ನಿನ್ನ ಕಪ್ಪು ಹಂಗ ಉಳೀತು. ಚೆಲ್ಲಾಕ ಮನಸಾಗಲಿಲ್ಲ, ನಾನ ಕುಡದೆ. ಮರದಿನಾ ಕೈ ತಾನ ಎರಡ ಕಪ್ಪಿಗಿ ನೀರ ಇಟ್ಟಿತು. ಅಕ್ಕ ಚಾ ಕುಡಿಯಂಗಿಲ್ಲ. ಒಂದ ನಂದು ಕುಡೀತಿದ್ದೆ, ಒಂದ ನಿಂದು."

"ಒಂಬತ್ತ ವರ್ಷ?"

"ಹ್ಞೂಂ."

"ಎರಡೆರಡ ಚಮಚೆ ಸಕ್ಕರಿ ಹಾಕಿ?"

"ನಿನಗ ಹಂಗ ಬೇಕಲ್ಲ."

"ಬುದ್ಧಿ ಐತೇನ್ರಿ ನಿಮಗ! ಸಕ್ಕರಿ ಇದ್ದ ಮನಷ್ಯಾ, ದಿನಾ ಎರಡ ಕಪ್ಪು..." ಬೈಯುತ್ತ ಬೈಯುತ್ತ ದನಿ ಒಡೆಯಿತು. ಅವರ ಅಂಗೈಯಲ್ಲಿ ಮುಖ ಇಟ್ಟು ಅತ್ತೆ. ಮಹಾನಂದಕ್ಕ ಬಾಗಿಲಿಂದಲೇ ತಿರುಗಿ ಹೋದರು.

ಐದು ಹೊಡೆಯಿತು. ಕಾರಿಡಾರಿನಲ್ಲಿ ಕ್ಯಾಂಟೀನಿನವನು ಕೆಟಲು ಹಿಡಿದು ಕೂಗುತ್ತ ಬಂದ. ಅವರು ಆ ಕಡೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಹಾಲು, ಸಕ್ಕರೆ ಅವರು ತಿಂಗಳುಗಟ್ಟಲೆ ಮುಟ್ಟುವಂತಿಲ್ಲ. ನಾನು ಎರಡು ಕಪ್ ತೆಗೆದುಕೊಂಡೆ, ಎರಡಕ್ಕೂ ಎರಡೆರಡು ಚಮಚ ಸಕ್ಕರೆ ಹಾಕಿಸಿದೆ. "ಒಂದ ನಂದು" ಎಂದು ಕುಡಿದೆ. "ಇದು ನಿಮ್ಮದು" ಎಂದು ಇನ್ನೊಂದನ್ನೂ ಕುಡಿದೆ. ಆರುವ ಮೊದಲೇ ಕುಡಿದೆ. ಅವರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ನನ್ನ ತೋಳಿನ ಬಿಲ್ಲೆಯನ್ನು ಯಾರೂ ಬಿಚ್ಚಿಸಿಕೊಂಡಿರಲಿಲ್ಲ. ಸ್ವಲ್ಪ ಹೊತ್ತಿಗೆ ಪ್ರಮೀಳಾಳ ಫೋನ್ ಬಂತು. "ಮೇಡಂ, ನಿಮ್ಮ ನೀಲಿ ಗೆರಿ ಒಂದ ಸಲ ಎದ್ದು, ಇಳಿಯೂದ್ರಾಗ ಮತ್ತೊಮ್ಮೆ ಎದ್ದೈತಿ. ಅಲ್ಲೇನ್ ತಿನ್ನಾಕತ್ತೀರಿ?"

"ಚಾ ಕುಡದ್ವಿ" ಎಂದೆ.